ಬಿಲ್ಡಿಂಗಲ್ಲಿ ಯಾರೂ ಕಸ ಬೇರೆ ಮಾಡಲ್ಲ, ಕಸದ ಆಟೋ ಅಕ್ಕನ ಕೈ ನೋಡೋಕಾಗ್ತಿಲ್ಲ, ನಾನೊಬ್ಬಳೇ ಏನ್ ಮಾಡ್ಲಿ?

ಹೂಬುಟ್ಟಿ (ಬೆಂಗಳೂರು)

ಎಲ್ರಿಗೂ ನಮಸ್ಕಾರ. ನಾವಿರೋದು ಬಾಡಿಗೆ ಮನೆ, ನಾಲ್ಕು ಫ್ಲೋರ್ ಬಿಲ್ಡಿಂಗು, ಅಸೋಸಿಯೇಷನ್ ಅಂತ ಏನೂ ಇಲ್ಲ, ಓನರ್ ಕೆಳಗಡೆ ಇರ್ತಾರೆ. ನಾನು ಹಸಿ ಕಸ ಒಣ ಕಸ ಬೇರೆ ಮಾಡಿನೇ ಕೊಡ್ತೀನಿ. ಮಿಕ್ಕವರೆಲ್ಲ ಒಂದೇ ಕಪ್ಪು ಕವರಿಗೆ ತುಂಬಿ ಗಂಟು ಹಾಕಿ ಗೇಟ್ ಹತ್ರ ಇಟ್ಟು ಆಫೀಸಿಗೆ ಹೋಗ್ತಾರೆ. ಆಟೋ ಬಂದಾಗ ಆ ಅಕ್ಕ ಒಂದೊಂದೇ ಗಂಟು ಬಿಚ್ಚಿ ಆಟೋ ಹಿಂದಿನ ಬಾಗಿಲ ಮೇಲೆ ಸುರ್ಕೊಂಡು ಅನ್ನ ಸಾರು ಒಂದ್ಕಡೆ ಹಾಲಿನ ಕವರ್ ಒಂದ್ಕಡೆ ಅಂತ ಬರಿಗೈಯಲ್ಲೇ ಬಾಚ್ತಾರೆ, ಅದ್ರಲ್ಲೇ ಮಗು ಡೈಪರ್ರು, ಪ್ಯಾಡು, ಬಿಚ್ಕೊಂಡಿರೋ ಹಾಗೇ ಇರುತ್ತೆ. ಮೊನ್ನೆ ಶೇವಿಂಗ್ ಬ್ಲೇಡ್ ತಗುಲಿ ಹೆಬ್ಬೆರಳಿನ ಬುಡ ಸೀಳಿತ್ತು. ಹಳೇ ಬಟ್ಟೆ ಚೂರು ಸುತ್ಕೊಂಡು ಅದೇ ಕೈಯಲ್ಲಿ ಮುಂದಿನ ಮನೆ ಕವರ್ ಬಿಚ್ತಿದ್ರು, ಬಟ್ಟೆ ಒಳಗಿಂದ ರಕ್ತ, ಹೊರಗಿಂದ ಸಾರು. ಅವತ್ತಿಂದ ಮನಸ್ಸಿಗೆ ಸಮಾಧಾನನೇ ಇಲ್ಲ.

ಓನರ್ ಹತ್ರ ಹೇಳಿದ್ರೆ "ಅದಕ್ಕೇ ಅಲ್ವಾ ಅವರಿಗೆ ಸಂಬಳ ಕೊಡೋದು" ಅಂದ್ರು. ಪಕ್ಕದ ಮನೆಯವರು "ನೀವು ಬೇರೆ ಮಾಡಿ ಕೊಟ್ರೂ ಲಾರಿಲಿ ಎಲ್ಲಾ ಒಂದೇ ಆಗುತ್ತೆ ಬಿಡ್ರೀ" ಅಂತಾರೆ. ನಾನು ಅಕ್ಕಂಗೆ ಗ್ಲೌಸ್ ತಂದುಕೊಟ್ಟೆ, ಹಾಕೊಳ್ಳಲ್ಲ. ಟೀ ಕೊಡ್ತೀನಿ, ಹಬ್ಬಕ್ಕೆ ಏನಾದ್ರೂ ಕೊಡ್ತೀನಿ, ಆದ್ರೆ ಅಷ್ಟೇ ಸಾಕಾ? ಜಗಳ ಆಡಬೇಕಾ, ಕಂಪ್ಲೇಂಟ್ ಕೊಡಬೇಕಾ, ಬಾಡಿಗೆಗೆ ಇರೋರ ಮಾತು ಯಾರು ಕೇಳ್ತಾರೆ? ಮಾಡಿ ಗೊತ್ತಿರೋರು ಹೇಳಿ ಪ್ಲೀಸ್.

---

ನೇರಳೆಮರ

ಮೊದಲು ಆ ಅಕ್ಕಂಗೆ ಧನುರ್ವಾಯು (ಟಿಟಿ) ಇಂಜೆಕ್ಷನ್ ಆಗಿದೆಯಾ ಕೇಳಿ, ಆಗಿಲ್ಲ ಅಂದ್ರೆ ಇವತ್ತೇ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ, ಉಳಿದಿದ್ದೆಲ್ಲ ಆಮೇಲೆ.

ಗ್ಲೌಸ್ ಯಾಕೆ ಹಾಕಲ್ಲ ಅಂದ್ರೆ ದಪ್ಪ ರಬ್ಬರ್ ಗ್ಲೌಸಲ್ಲಿ ಕವರ್ ಗಂಟು ಬಿಚ್ಚೋಕೆ ಆಗಲ್ಲ, ಬಿಸಿಲಿಗೆ ಒಳಗೆಲ್ಲ ಬೆವರು. ಗಂಟು ಬಿಚ್ಚೋ ಕೆಲಸನೇ ಇಲ್ಲದ ಹಾಗೆ ನೀವು ಕೊಟ್ರೆ ಗ್ಲೌಸಿನ ಪ್ರಶ್ನೆ ಅರ್ಧ ಮುಗೀತು. ಅದಕ್ಕೇ ಬೆಂಗಳೂರಲ್ಲಿ ಎರಡು ಡಬ್ಬ ಒಂದು ಚೀಲ ಅಂತ ಬಂದಿದ್ದು, 2015ರ ಡಿಸೆಂಬರಲ್ಲಿ ಹೈಕೋರ್ಟೇ ಆರ್ಡರ್ ಮಾಡಿದ್ದು. ಹಸಿರು ಡಬ್ಬಕ್ಕೆ ಅಡುಗೆಮನೆ ಕಸ, ಕೆಂಪು ಡಬ್ಬಕ್ಕೆ ಪ್ಯಾಡ್ ಡೈಪರ್ ಬ್ಯಾಂಡೇಜು, ಚೀಲಕ್ಕೆ ಒಣ ಕಸ. ಹಸಿ ಕಸನ ಕವರಲ್ಲಿ ಕಟ್ಟಲೇಬಾರದು, ಡಬ್ಬದಿಂದ ನೇರ ಆಟೋಗೆ ಸುರಿಯೋ ಹಾಗಿರಬೇಕು.

ಪ್ಯಾಡು ಡೈಪರ್ ನ್ಯೂಸ್‌ಪೇಪರಲ್ಲಿ ಬಿಗಿಯಾಗಿ ಸುತ್ತಿ ಮೇಲೆ ಕೆಂಪು ಸ್ಕೆಚ್ ಪೆನ್ನಲ್ಲಿ ದೊಡ್ಡ ಚುಕ್ಕೆ ಹಾಕಿ. ಪುಣೆಯಲ್ಲಿ ಕಸ ಆಯೋ ಹೆಣ್ಮಕ್ಕಳ ಸಂಘಟನೆ ಇದನ್ನ ಶುರು ಮಾಡಿದ್ದು, ಚುಕ್ಕೆ ನೋಡಿದ ತಕ್ಷಣ ಬಿಚ್ಚಬಾರದು ಅಂತ ಗೊತ್ತಾಗುತ್ತೆ. ಬ್ಲೇಡು, ಇನ್ಸುಲಿನ್ ಸೂಜಿ ಇವನ್ನ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕ್ತಾ ಹೋಗಿ, ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ ಬಾಯಲ್ಲಿ ಹೇಳಿ ಕೊಡಿ. ಒಡೆದ ಗಾಜು ರಟ್ಟಿನ ಬಾಕ್ಸಲ್ಲಿ ಹಾಕಿ ಮೇಲೆ "ಗಾಜು" ಅಂತ ಬರೀರಿ. ಓದೋಕೆ ಬರದೇ ಇರಬಹುದು, ಅದಕ್ಕೇ ಬಾಯಲ್ಲೂ ಹೇಳ್ಬೇಕು. ಈ ಕೆಲಸದವರಲ್ಲಿ ಬಹಳ ಜನರ ಮನೆಮಾತು ತೆಲುಗು, ನಿಮಗೆ ಎರಡು ಮಾತು ಬಂದ್ರೆ ತೆಲುಗಲ್ಲೇ ಹೇಳಿ.

ಇನ್ನು ಬಿಲ್ಡಿಂಗ್ ಜನ. ವಾಟ್ಸಾಪಲ್ಲಿ ಹಾಕ್ಬೇಡಿ, ಅಲ್ಲಿ ಹಾಕಿದ್ರೆ ಎಲ್ರಿಗೂ ಬೈದಂಗೆ ಆಗುತ್ತೆ. ಒಂದೊಂದೇ ಮನೆ ಬಾಗಿಲಿಗೆ ಹೋಗಿ, ಅದೂ ಮಗು ಇರೋ ಮನೆಗೆ ಮೊದಲು ಹೋಗಿ, ಡೈಪರ್ ಅಲ್ಲಿಂದ ತಾನೇ ಬರೋದು. ಪೂರ್ತಿ ಕಸದ ವಿಷಯ ಎತ್ತಬೇಡಿ, "ಡೈಪರ್ ಒಂದು ಪೇಪರಲ್ಲಿ ಸುತ್ತಿ ಕೊಡ್ತೀರಾ, ಆ ಅಕ್ಕನ ಕೈ ಕೊಯ್ದಿದೆ" ಅಷ್ಟೇ ಕೇಳಿ. ಜೊತೆಗೆ ಹಳೇ ಪೇಪರ್ ಕಟ್ಟು ಒಂದು ಕೊಟ್ಟು ಬನ್ನಿ. ಬಾಡಿಗೆಯವರು ಓನರ್ ಅನ್ನೋದು ಇದರಲ್ಲಿ ಅಡ್ಡ ಬರಲ್ಲ.

---

ಕಡಲತಡಿ (ಮಂಗಳೂರು)

"ಲಾರಿಯಲ್ಲಿ ಎಲ್ಲ ಒಂದೇ ಆಗ್ತದೆ" ಹೇಳುವವರಿಗೆ ಮಂದಾರದ ಕಥೆ ಹೇಳಿ ಮಾರಾಯ್ರೆ. ನಮ್ಮ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿ ಡಂಪಿಂಗ್ ಯಾರ್ಡ್ ಗೊತ್ತುಂಟಲ್ಲ. 2019ರ ಆಗಸ್ಟಿನ ಮಳೆಗೆ ಅಲ್ಲಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರಕ್ಕೆ ಬಂದು ಕೂತಿತು. ಮಣ್ಣು ಕುಸಿದದ್ದಲ್ಲ, ಕಸ. ಅಡಿಕೆ ತೋಟ, ತೆಂಗಿನ ಮರ, ಮನೆ, ದೈವದ ಜಾಗ ಎಲ್ಲ ಅಡಿಯಲ್ಲಿ ಹೋಯ್ತು. ಮರದ ತಲೆ ಮಾತ್ರ ಪ್ಲಾಸ್ಟಿಕ್ ಮೇಲೆ ಕಾಣ್ತಿತ್ತು. ಹಲವು ಕುಟುಂಬ ಮನೆ ಬಿಟ್ಟು ಫ್ಲ್ಯಾಟಿಗೆ ಹೋಗ್ಬೇಕಾಯ್ತು, ತಲೆತಲಾಂತರದಿಂದ ತೋಟ ಮಾಡಿದವರು ಅವರು. ಬಾವಿ ನೀರು ಹಾಳಾಯ್ತು, ಕಸದ ಕಪ್ಪು ನೀರು ಫಲ್ಗುಣಿ ಹೊಳೆಗೂ ಸೇರ್ತದೆ ಅಂತ ಗಲಾಟೆ ಆಯ್ತು.

ಆ ಗುಡ್ಡದಲ್ಲಿ ಇದ್ದದ್ದು ಯಾರ ಕಸ? ಅಲ್ಲಿಯವರದ್ದಲ್ಲ. ಪೇಟೆಯಲ್ಲಿ ಕೂತ ನಮ್ಮದು. ಸೇರಿಸಿ ಕೊಟ್ಟ ಕಾರಣ ಗೊಬ್ಬರವೂ ಆಗಲಿಲ್ಲ, ಗುಜರಿಗೂ ಹೋಗಲಿಲ್ಲ, ರಾಶಿ ಆಯ್ತು. ನಿಮ್ಮ ಬೆಂಗಳೂರಿನದ್ದೂ ಅದೇ ಅಲ್ವಾ, ಮಾವಳ್ಳಿಪುರದವರು ಹೋರಾಟ ಮಾಡಿ ಅವರ ಊರಲ್ಲಿ ಕಸ ಸುರಿಯುವುದನ್ನು 2012ರಲ್ಲಿ ನಿಲ್ಲಿಸಿದ್ರು, ಮತ್ತೆ ಲಾರಿ ಎಲ್ಲ ಮಂಡೂರಿಗೆ ಹೋಯ್ತು, ಅಲ್ಲಿಯವರೂ ರಸ್ತೆಗೆ ಇಳಿದು 2014ರ ಕೊನೆಗೆ ಅದು ನಿಂತದ್ದು. ನಿಮ್ಮ ಓನರಿಗೆ ಆ ಅಕ್ಕನ ಕೈ ಕಾಣದಿದ್ರೆ ಬೇಡ, ಕಸ ಕೊನೆಗೆ ಒಂದು ಊರಿಗೆ ಹೋಗ್ತದೆ, ಅಲ್ಲಿಯೂ ಮಕ್ಕಳಿದ್ದಾರೆ ಅಂತ ಆದ್ರೂ ಹೇಳಿ.

---

ಕೆಂಪುಧೂಳು

ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ಮನೆಮನೆಲಿ ಕಸ ಬೇರೆ ಮಾಡೋದು ಬೇಕು ನಿಜ, ಆದ್ರೆ ಆ ಅಕ್ಕನ ಬದುಕು ಬದಲಾಗೋದು ಸಂಬಳದ ಕಡೆಯಿಂದ. 2022ರ ಜುಲೈನಲ್ಲಿ ರಾಜ್ಯದಲ್ಲೆಲ್ಲ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಖಾಯಂ ಮಾಡಿ ಅಂತ ಕೂತ್ರು ನೆನಪಿದೆಯಾ? ಅದರ ಫಲವಾಗಿ 2025ರ ಮೇ ಒಂದಕ್ಕೆ ಬೆಂಗಳೂರಲ್ಲಿ 12 ಸಾವಿರಕ್ಕೂ ಹೆಚ್ಚು ಜನಕ್ಕೆ ಖಾಯಂ ಆರ್ಡರ್ ಸಿಕ್ತು. ಯಾರೋ ಕನಿಕರ ಪಟ್ಟು ಕೊಟ್ಟಿದ್ದಲ್ಲ ಅದು, ಆ ಹೆಣ್ಮಕ್ಕಳೇ ಸಂಘ ಕಟ್ಟಿ ವರ್ಷಗಟ್ಟಲೆ ಓಡಾಡಿ ತಗೊಂಡಿದ್ದು.

ಆದ್ರೆ ಇದು ರಸ್ತೆ ಗುಡಿಸೋರಿಗೆ. ಆಟೋ ಡ್ರೈವರು, ಹೆಲ್ಪರು, ಲೋಡರುಗಳು ಆಮೇಲೂ ಗುತ್ತಿಗೆಯಲ್ಲೇ ಉಳ್ಕೊಂಡ್ರು, ನಿಮ್ಮ ಅಕ್ಕ ಬಹುಶಃ ಈ ಕಡೆಯವರೇ. ಹಾಗಾಗಿ ಟೀ ಕೊಡುವಾಗ ಕೂತು ಮಾತಾಡಿ. ಸಂಬಳ ಪೂರ್ತಿ ಕೈಗೆ ಬರುತ್ತಾ, ಇಎಸ್‌ಐ (ಆಸ್ಪತ್ರೆ ಖರ್ಚಿನ ವಿಮೆ) ಕಾರ್ಡ್ ಇದೆಯಾ, ಪಿಎಫ್ ಹಿಡಿತಾರಾ, ವಾರಕ್ಕೆ ಒಂದು ರಜೆ ಇದೆಯಾ. ಸಮವಸ್ತ್ರ, ಗ್ಲೌಸು, ರೈನ್‌ಕೋಟು, ಬೂಟು, ಮಾಸ್ಕ್ ಇಷ್ಟನ್ನೂ ಕೆಲಸ ಮಾಡಿಸೋರೇ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು, ನೀವು ಜೇಬಿಂದ ತಂದುಕೊಡೋ ವಿಷಯ ಅಲ್ಲ. ಕಂಪ್ಲೇಂಟ್ ಬರೀಬೇಕಾದ್ರೆ ಅಕ್ಕನ ಹೆಸರು ಹಾಕ್ಬೇಡಿ, ಗುತ್ತಿಗೆಯವರು ಮೊದಲು ಅವರನ್ನೇ ಕೆಲಸದಿಂದ ತೆಗೀತಾರೆ. "ನಮ್ಮ ರಸ್ತೆಗೆ ಬರುವ ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ ಕೊಟ್ಟಿಲ್ಲ" ಅಂತ ರಸ್ತೆ ನಿವಾಸಿಗಳ ಹೆಸರಲ್ಲಿ ಬರೀರಿ, ನಾಲ್ಕು ಮನೆಯವರ ಸಹಿ ಹಾಕ್ಸಿ. ಅದಕ್ಕೂ ಮುಂಚೆ ಅಕ್ಕನ್ನೇ ಕೇಳಿ, ಬರೀಲಾ ಬೇಡ್ವಾ ಅಂತ.

---

ಹೂಬುಟ್ಟಿ (ಬೆಂಗಳೂರು)

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಇಂಜೆಕ್ಷನ್ ಆಯ್ತು, ಬೆಳಗ್ಗೆನೇ ಕರ್ಕೊಂಡು ಹೋಗಿ ಬಂದೆ. ಇಎಸ್‌ಐ ಕೇಳಿದ್ದಕ್ಕೆ ಕಾರ್ಡ್ ಇದೆಯೋ ಇಲ್ವೋ ಅವರಿಗೇ ಗೊತ್ತಿಲ್ಲ, ಸೂಪರ್‌ವೈಸರ್ ಹತ್ರ ಕೇಳ್ತೀನಿ ಅಂದಿದಾರೆ. ಎರಡನೇ ಫ್ಲೋರ್ ಮಗು ಇರೋ ಮನೆಯವರು ಪೇಪರ್ ಕಟ್ಟು ಇಸ್ಕೊಂಡ್ರು, ಪಾಪ ಅವರಿಗೆ ಯಾರೂ ಹೇಳಿರಲೇ ಇಲ್ಲ ಅನ್ಸುತ್ತೆ. ಒಂದೇ ಡೌಟು. ನಾನು ತೊಳೆದು ಕೊಡೋ ಹಾಲಿನ ಕವರು, ಬಾಟ್ಲು ಇವೆಲ್ಲ ನಿಜವಾಗ್ಲೂ ಎಲ್ಲಿಗೆ ಹೋಗುತ್ತೆ?

---

ನೇರಳೆಮರ

ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರ ಅಂತ ಇದಾವೆ, ಶೀಟಿನ ಶೆಡ್ಡು, ಹೊರಗಡೆ ದೊಡ್ಡ ದೊಡ್ಡ ಚೀಲ. ಹಲವು ಕೇಂದ್ರ ನಡೆಸೋರು ಹಿಂದೆ ಬೀದಿಲಿ ಚಿಂದಿ ಆಯ್ತಿದ್ದವರೇ. 2011ರಲ್ಲಿ ಚಿಂದಿ ಆಯೋರಿಗೆ ಇಲ್ಲಿ ಗುರುತಿನ ಚೀಟಿ ಕೊಟ್ರು, ಆಮೇಲೆ ಹಸಿರುದಳದಂಥ ಸಂಸ್ಥೆಗಳು ಜೊತೆಗೆ ನಿಂತು ಕೇಂದ್ರ ನಡೆಸೋಕೆ ತಯಾರು ಮಾಡಿದ್ರು. ಮುಂಚೆ ಪೊಲೀಸರು ಕಳ್ಳರು ಅಂತ ಅಟ್ಟಾಡಿಸ್ತಿದ್ದ ಜನ ಇವತ್ತು ಲೆಕ್ಕದ ಪುಸ್ತಕ ಇಟ್ಕೊಂಡು ಇನ್ನೊಬ್ರಿಗೆ ಕೂಲಿ ಕೊಡ್ತಾರೆ.

ಅಲ್ಲಿ ಹೋಗಿ ನೋಡಿದ್ರೆ ನಿಮಗೆ ಅರ್ಥ ಆಗುತ್ತೆ ಯಾಕೆ ತೊಳೀಬೇಕು ಅಂತ. ಹಾಲಿನ ಕವರ್ ಶುದ್ಧವಾಗಿದ್ರೆ ಕೆಜಿ ಲೆಕ್ಕದಲ್ಲಿ ಮಾರಾಟ ಆಗುತ್ತೆ, ಸಾರು ಮೆತ್ಕೊಂಡಿದ್ರೆ ಹುಳ ಬಂದು ರಿಜೆಕ್ಟ್. ಒದ್ದೆ ಪೇಪರ್ ಕೊಳ್ಳೋರಿಲ್ಲ. ಚಿಪ್ಸ್ ಬಿಸ್ಕೆಟ್ ಕವರಿಗೆ ಬೆಲೆ ಸಿಗೋದೇ ಇಲ್ಲ, ಎಷ್ಟೇ ತೊಳೆದ್ರೂ. ಇನ್ನೊಂದು, ಎಲ್ಲೂ ಮಿಕ್ಸ್ ಆಗೋದೇ ಇಲ್ಲ ಅಂತ ನಾನು ಹೇಳಲ್ಲ, ಕೆಲವು ಕಡೆ ಆಗುತ್ತೆ, ನಾನೇ ನೋಡಿದೀನಿ. ಅಂಥ ಕಡೆ ಆಟೋ ನಂಬರ್ ಸಮೇತ ದೂರು ಕೊಡಿ. ಆದ್ರೆ ಮನೇಲೇ ಮಿಕ್ಸ್ ಆದ್ಮೇಲೆ ದೂರು ಕೊಡೋಕೆ ನಮಗೆ ಬಾಯಿ ಎಲ್ಲಿರುತ್ತೆ ಹೇಳಿ.

---

ಚಿನ್ನದಗಣಿ (ಕೆಜಿಎಫ್)

ಇದನ್ನ ಓದ್ತಾ ನಮ್ಮೂರು ನೆನಪಾಯ್ತು. ಗಣಿ ಕಾಲೋನಿಗಳಲ್ಲಿ ಡ್ರೈ ಲ್ಯಾಟ್ರಿನ್ (ನೀರಿಲ್ಲದ ಪಾಯಿಖಾನೆ) ಇತ್ತು, ಮಲ ಬಾಚಿ ಹೊರೋ ಕೆಲಸ ಒಂದೇ ಜಾತಿ ಜನದ ತಲೆಗೆ ಕಟ್ಟಿದ್ರು. ಬೆಜವಾಡ ವಿಲ್ಸನ್ ಅಲ್ಲೇ ಹುಟ್ಟಿದ್ದು, ಆ ಕೆಲಸ ಮಾಡ್ತಿದ್ದ ಮನೆಯಲ್ಲೇ. 1986ರ ಸುಮಾರಿಗೆ ಇದನ್ನ ನಿಲ್ಲಿಸೋ ಹೋರಾಟ ಒಬ್ಬರೇ ಶುರು ಮಾಡಿದ್ರು, ಮೊದಲು ಮಾಡಿದ್ದು ಏನು ಗೊತ್ತಾ, ಪತ್ರ ಬರೆಯೋದು. ಅಧಿಕಾರಿಗಳಿಗೆ, ಮಂತ್ರಿಗಳಿಗೆ, ಪತ್ರಿಕೆಗಳಿಗೆ. ಅದೇ ಸಫಾಯಿ ಕರ್ಮಚಾರಿ ಆಂದೋಲನ ಆಗಿ ಸುಪ್ರೀಂ ಕೋರ್ಟ್ ತನಕ ಹೋಯ್ತು, 2013ರಲ್ಲಿ ಮಲ ಹೊರಿಸೋದರ ಮೇಲೆ ಗಟ್ಟಿಯಾದ ಕಾನೂನು ಬಂತು, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ತು. ಒಬ್ಬಳೇ ಏನ್ ಮಾಡ್ಲಿ ಅಂತ ಕೇಳಿದ್ರಲ್ಲಮ್ಮ, ಅದಕ್ಕೆ ಹೇಳ್ದೆ.

ಇನ್ನೊಂದು ವಿಷಯ ಕೇಳಿ, ಇದನ್ನ ಯಾರೂ ಎತ್ತಿಲ್ಲ. ನಿಮ್ಮ ಬಿಲ್ಡಿಂಗಿನ ಟಾಯ್ಲೆಟ್ ಪಿಟ್ ಅಥವಾ ಚರಂಡಿ ಚೇಂಬರ್ ಬ್ಲಾಕ್ ಆದಾಗ ಓನರ್ ಯಾರನ್ನ ಕರೆಸ್ತಾರೆ? ಸಕ್ಕಿಂಗ್ ಮಷಿನ್ ಗಾಡಿನಾ, ಇಲ್ಲಾ ಯಾರಾದ್ರೂ ಹುಡುಗನ್ನ ಹಗ್ಗ ಕಟ್ಟಿ ಇಳಿಸ್ತಾರಾ? ಒಳಗಿನ ಗ್ಯಾಸ್‌ಗೆ ಒಂದೇ ಉಸಿರಲ್ಲಿ ಪ್ರಜ್ಞೆ ಹೋಗುತ್ತೆ, ಎತ್ತೋಕೆ ಅಂತ ಇಳಿದವನೂ ಸಾಯ್ತಾನೆ, ಅದಕ್ಕೇ ಇಂಥ ಸುದ್ದಿಗಳಲ್ಲಿ ಎಷ್ಟೋ ಸಲ ಇಬ್ಬರು ಮೂವರು ಒಟ್ಟಿಗೆ ಹೋಗಿರ್ತಾರೆ. ರಕ್ಷಣೆ ಇಲ್ಲದೆ ಮನುಷ್ಯನ್ನ ಇಳಿಸೋದು ಅಪರಾಧ, ಮನೆ ಮಾಲೀಕನ ಮೇಲೂ ಕೇಸ್ ಆಗುತ್ತೆ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, 2023ರ ಅಕ್ಟೋಬರಲ್ಲಿ ಅದನ್ನ 30 ಲಕ್ಷ ಮಾಡ್ತು. ದುಡ್ಡು ಬಂದ್ರೆ ಮನುಷ್ಯ ಬರ್ತಾನಾ. ಬ್ಲಾಕ್ ಆಗೋ ಮುಂಚೆನೇ ಓನರ್ ಹತ್ರ ಮಾತಾಡಿ ಮಷಿನ್ ಗಾಡಿ ನಂಬರ್ ಗೇಟ್ ಹತ್ರ ಬರೆದು ಅಂಟಿಸಿ. ಪ್ಯಾಡ್ ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡೋದೇ ಬ್ಲಾಕ್ ಆಗೋಕೆ ದೊಡ್ಡ ಕಾರಣ, ಇದನ್ನೂ ಬಿಲ್ಡಿಂಗಿನ ಹೆಣ್ಮಕ್ಕಳ ಜೊತೆ ಮಾತಾಡುವಾಗ ಹೇಳಿ.

---

ಮಲಪ್ರಭಾ (ಧಾರವಾಡ)

ಅಕ್ಕಾರ, ನಮ್ಮ ಮನ್ಯಾಗ ಹಸಿ ಕಸ ಹೊರಗ ಹೋಗಂಗೇ ಇಲ್ರಿ, ಮನ್ಯಾಗ ಗೊಬ್ಬರ ಮಾಡತೇವಿ. ಮಣ್ಣಿನ ಗಡಗಿ ಎರಡು, ಬಾಜೂಕ ಸಣ್ಣ ತೂತು ಹೊಡಿಸೇವಿ, ಇವತ್ತಿನ ಸಿಪ್ಪಿ ಹಾಕೂದು, ಮ್ಯಾಲೆ ಒಂದು ಮುಟಿಗಿ ಒಣ ಎಲಿ ಹಾಕೂದು, ಹುಳಿ ಮಜ್ಜಗಿ ಸ್ವಲ್ಪ ಚಿಮಕ್ಸೂದು. ನಗರದ ಕಸದಾಗ ಅರ್ಧಕ್ಕಿಂತ ಹೆಚ್ಚು ಅಡಗಿ ಮನಿದ ಇರತೈತಿ. ಅದೊಂದು ನಿಂತ್ರ ಆ ಬಾಯಾರ ಕೈಗೆ ಹೊಲಸು ಹತ್ತೂದು ಎಷ್ಟ ಕಮ್ಮಿ ಆಗತೈತಿ ನೋಡ್ರಿ. ಬಾಡಿಗಿ ಮನಿ ಆದ್ರೂ ಬಾಲ್ಕನ್ಯಾಗ ಇಡಬಹುದು.

---

ಹೂಬುಟ್ಟಿ (ಬೆಂಗಳೂರು)

ಕೆಜಿಎಫ್ ಅಣ್ಣ, ಪಿಟ್ ವಿಷಯ ನನ್ ತಲೆಗೇ ಬಂದಿರಲಿಲ್ಲ, ಇವತ್ತೇ ಓನರ್ ಹತ್ರ ಕೇಳ್ತೀನಿ, ಅದನ್ನ ಮಾತ್ರ ಬಿಡಲ್ಲ. ಧಾರವಾಡದವರೇ, ಮಡಕೆ ಒಂದ್ಸಲ ನೋಡಿದೀನಿ ಫ್ರೆಂಡ್ ಮನೇಲಿ, ಬಿಳಿ ಹುಳ ತುಂಬ್ಕೊಂಡಿತ್ತು, ವಾಸನೆನೂ ಇತ್ತು. ಅದೊಂದೇ ಭಯ, ಅಕ್ಕಪಕ್ಕದವರು ಗಲಾಟೆ ಮಾಡಿದ್ರೆ?

---

ಮಲಪ್ರಭಾ (ಧಾರವಾಡ)

ಹುಳಕ್ಕ ಅಂಜಬ್ಯಾಡ್ರಿ, ಅವು ಕಸ ತಿಂದು ಗೊಬ್ಬರ ಮಾಡೂ ಹುಳಾನ, ಯಾರಿಗೂ ಏನೂ ಮಾಡಂಗಿಲ್ಲ. ವಾಸನಿ ಬಂತಂದ್ರ ನೀರಿನಂಶ ಜಾಸ್ತಿ ಆಗೇತಿ ಅಂತ ಅರ್ಥ. ಚಿಮಕ್ಸೂ ಮಜ್ಜಗಿ ಬಿಟ್ಟು ಸಾರು, ಮೊಸರು ಅಂಥಾದ್ದು ಹಾಕಬ್ಯಾಡ್ರಿ, ಒಣ ಎಲಿ ಇನ್ನೊಂದೆರಡು ಮುಟಿಗಿ ಹೆಚ್ಚಿಗಿ ಹಾಕಿ ಕೋಲಿಲೇ ಬುಡದಿಂದ ತಿರುವ್ರಿ, ಎರಡು ದಿನಕ್ಕ ಹೊಕ್ಕೈತಿ. ಒಣ ಎಲಿಗೆ ಎಲ್ಲೂ ಹೋಗಬ್ಯಾಡ್ರಿ, ನಿಮ್ಮ ರಸ್ತೆ ಗುಡಿಸೂ ಬಾಯಾರನ್ನ ಕೇಳ್ರಿ, ಒಂದು ಚೀಲ ಕೊಡತಾರ. ಅವರಿಗೂ ಹೊರೂದು ಕಮ್ಮಿ ಆಗತೈತಿ, ಎಲಿಗೆ ಬೆಂಕಿ ಹಚ್ಚೂದೂ ತಪ್ಪತೈತಿ.