‘ಫೈನ್’ ಎಂದರೆ ಚೆನ್ನಾಗಿದೆ ಎಂದೋ, ದಂಡ ಎಂದೋ?

ಪ್ರಶ್ನೆ:
ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವ ಅಭ್ಯಾಸವನ್ನು ಈಚೆಗೆ ಆರಂಭಿಸಿದ್ದೇನೆ. ನನ್ನನ್ನು ಕಾಡುತ್ತಿರುವುದು ಕಠಿಣ ಪದಗಳಲ್ಲ, ಮಕ್ಕಳಿಗೂ ಗೊತ್ತಿರುವ ಪದಗಳು. ‘ಫೈನ್’ ಒಂದು ಕಡೆ ‘ಚೆನ್ನಾಗಿದೆ’ ಎಂದಾದರೆ ಇನ್ನೊಂದು ಕಡೆ ದಂಡ, ಮತ್ತೊಂದು ಕಡೆ ನುಣ್ಣನೆಯ ಪುಡಿಗೆ ವಿಶೇಷಣ. ಇವೆಲ್ಲ ನಿಜವಾಗಿಯೂ ಒಂದೇ ಪದವೇ?

ಉತ್ತರ 1:
‘ಫೈನ್’ ಮಟ್ಟಿಗೆ ಮೂಲ ಒಂದೇ. ಲ್ಯಾಟಿನ್ನಿನ ‘ಫೀನಿಸ್’ ಎಂದರೆ ಕೊನೆ. ಕೊನೆಯವರೆಗೂ ತಿದ್ದಿ ತೀಡಿದ್ದು ಉತ್ತಮವೂ ನಯವೂ ಎನಿಸಿಕೊಂಡಿತು; ವ್ಯಾಜ್ಯವನ್ನು ಕೊನೆಗಾಣಿಸಲು ತೆರುತ್ತಿದ್ದ ಹಣ ಮುಂದೆ ದಂಡವಾಯಿತು. ‘ಬಾರ್ಕ್’ ಹಾಗಲ್ಲ. ನಾಯಿಯ ಬೊಗಳು ಹಳೆಯ ಇಂಗ್ಲಿಷಿನದು, ಮರದ ತೊಗಟೆ ಸ್ಕ್ಯಾಂಡಿನೇವಿಯದ ಕಡೆಯಿಂದ ಬಂದದ್ದು. ಸಂಬಂಧವೇ ಇಲ್ಲದ ಎರಡು ಪದಗಳು ಒಂದೇ ಉಚ್ಚಾರಣೆಗೆ ಬಂದು ನಿಂತಿವೆ. ನಿಘಂಟುಗಳು ಇಂಥವನ್ನು 1, 2 ಎಂದು ಅಂಕೆ ಹಾಕಿ ಬೇರ್ಪಡಿಸುತ್ತವೆ. ಆದರೆ ‘ಫೈನ್’ ಪದಕ್ಕೂ ಹಾಗೆ ಅಂಕೆ ಹಾಕುವ ನಿಘಂಟುಗಳಿರುವುದರಿಂದ ವ್ಯುತ್ಪತ್ತಿಯನ್ನೂ ನೋಡುವುದು ಒಳ್ಳೆಯದು.

ಉತ್ತರ 2:
ಮೂಲ ತಿಳಿದರೆ ಸಂತೋಷ, ಆದರೆ ಅನುವಾದಕ್ಕೆ ಅದು ಸಾಲದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದದ ನಮೂದೇ ಅತಿ ದೀರ್ಘವಾಗಿತ್ತು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಅದನ್ನು ಹಿಂದಿಕ್ಕಿತು. ಇವನ್ನು ಬಾಯಿಪಾಠ ಮಾಡಹೊರಟರೆ ಕೆಟ್ಟಂತೆಯೇ. ಪಕ್ಕದ ನಾಮಪದವನ್ನು ನೋಡಿ: ಮೂಗು ‘ರನ್’ ಆದರೆ ಸೋರುತ್ತದೆ, ಬಟ್ಟೆಯ ಬಣ್ಣವಾದರೆ ಬಿಡುತ್ತದೆ, ಯಂತ್ರವಾದರೆ ನಡೆಯುತ್ತದೆ. ಅಮೆರಿಕದವರು ಚುನಾವಣೆಗೆ ‘ಓಡುತ್ತಾರೆ’, ನಾವು ಮಾತ್ರ ನಿಲ್ಲುತ್ತೇವೆ! ನಮ್ಮ ‘ಹಿಡಿ’ಯೂ ಕಡಿಮೆಯದಲ್ಲ. ತುಕ್ಕು ಹಿಡಿಯುತ್ತದೆ, ಮಳೆ ಹಿಡಿಯುತ್ತದೆ, ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ. ನಮಗೆ ಎಂದೂ ಗೊಂದಲವಾಗಿಲ್ಲ.

ಉತ್ತರ 3:
ನಾಮಪದವನ್ನು ನೋಡಿದರೂ ಬಗೆಹರಿಯದವು, ಒಂದಕ್ಕೊಂದು ವಿರುದ್ಧವಾದ ಅರ್ಥಗಳನ್ನು ಹೊತ್ತವು. ಸಾಲ ‘ಸ್ಯಾಂಕ್ಷನ್’ ಆದರೆ ಮಂಜೂರಾತಿ, ದೇಶದ ಮೇಲೆ ಬಹುವಚನದಲ್ಲಿ ‘ಸ್ಯಾಂಕ್ಷನ್ಸ್’ ಬಂದರೆ ನಿರ್ಬಂಧ. ‘ಓವರ್‌ಸೈಟ್’ ಮೇಲ್ವಿಚಾರಣೆಯೂ ಹೌದು, ಕಣ್ತಪ್ಪೂ ಹೌದು. ಅದರ ಹಿಂದೆ ‘ಆ್ಯನ್’ ಇದ್ದರೆ ಸಾಮಾನ್ಯವಾಗಿ ಕಣ್ತಪ್ಪು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನನ್ನ ಕರಡಿನಲ್ಲಿ ‘ಓವರ್‌ಸೈಟ್ ಕಮಿಟಿ’ ಎಂಬುದು ‘ಪ್ರಮಾದ ಸಮಿತಿ’ ಎಂದಾಗಿತ್ತು, ಈಗಷ್ಟೇ ತಿದ್ದಿದೆ.