ಶಾಲಾ ವಾದ್ಯವೃಂದದ ಕಟ್ಟುನಿಟ್ಟಿನ ಮಾಸ್ತರರು: ಮಗನನ್ನು ಬಿಡಿಸಬೇಕೇ, ಮುಂದುವರಿಸಬೇಕೇ?

ಕೇಳಿದವರು, ಟಿಳಕವಾಡಿ, ಬೆಳಗಾವಿ:
ಎಂಟನೆಯ ತರಗತಿಯಲ್ಲಿರುವ ನನ್ನ ಮಗ ಪಿಟೀಲು ಚೆನ್ನಾಗಿ ನುಡಿಸುತ್ತಾನೆ, ಜೂನಿಯರ್ ಪರೀಕ್ಷೆಯೂ ಆಗಿದೆ. ಶಾಲೆಯ ವಾದ್ಯವೃಂದದ ಮಾಸ್ತರರು ಅವನನ್ನು ಮುಂದಿನ ಸಾಲಿನಿಂದ ಎಬ್ಬಿಸಿ ಹಿಂದೆ ಕೂರಿಸಿದ್ದಾರೆ. ಗಾಂಧಾರ, ಅಂದರೆ ‘ಗ’ ಸ್ವರ, ಸರಿಯಿಲ್ಲವೆಂದು ಎಲ್ಲರೆದುರು ಬೈಸಿಕೊಂಡು ಅಳುತ್ತ ಮನೆಗೆ ಬರುತ್ತಾನೆ. ಮನೆಯಲ್ಲಿ ತಂಬೂರಿಯೊಂದಿಗೆ ನುಡಿಸಿದರೆ ಅವನ ಗಾಂಧಾರ ಸರಿಯಾಗಿಯೇ ಕೇಳುತ್ತದೆ. ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ಒಬ್ಬ ತಂದೆ, ಶಹಾಪುರ, ಬೆಳಗಾವಿ:
ಅಕ್ಕನವರೇ, ಮಗನೂ ಸರಿ, ಮಾಸ್ತರರೂ ಸರಿ ಇರುವ ಸಾಧ್ಯತೆ ಬಹಳ ಇದೆ. ವೃಂದದಲ್ಲಿ ಹಾರ್ಮೋನಿಯಂ ಇದ್ದರೆ ಕಾರಣ ಅದೇ ಇರಬಹುದು. ಹಾರ್ಮೋನಿಯಂನಲ್ಲಿ ಸಪ್ತಕವನ್ನು, ಅಂದರೆ ‘ಸ’ದಿಂದ ಮೇಲಿನ ‘ಸ’ದವರೆಗಿನ ಅಂತರವನ್ನು, ಹನ್ನೆರಡು ಸಮಪಾಲು ಮಾಡಿ ಶ್ರುತಿ ಮಾಡಿರುತ್ತಾರೆ; ಒಂದೊಂದು ಪಾಲೂ ಒಂದು ಅರ್ಧಸ್ವರ. ಹೀಗಾಗಿ ಅದರ ಶುದ್ಧ ಗಾಂಧಾರವು, ತಂಬೂರಿಯ ಷಡ್ಜದ (‘ಸ’ದ) ತಂತಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಸುಮಾರು ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು ಏರಿರುತ್ತದೆ. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗ ಇಂಥ ಆಕ್ಷೇಪಗಳೂ ಇದ್ದವು. ಆದರೂ ಆರ್. ಕೆ. ಬಿಜಾಪುರೆಯವರಂಥ ಹಿರಿಯ ಹಾರ್ಮೋನಿಯಂ ವಾದಕರು ಇದೇ ಬೆಳಗಾವಿಯಲ್ಲಿದ್ದು ಆ ವಾದ್ಯಕ್ಕೆ ದೊಡ್ಡ ಮರ್ಯಾದೆ ತಂದುಕೊಟ್ಟರು. ಹಾರ್ಮೋನಿಯಂನ ಸ್ವರವನ್ನು ನುಡಿಸುವಾಗ ಸರಿಸಲು ಬರುವುದಿಲ್ಲ, ಪಿಟೀಲಿನವನು ಬೆರಳು ಸರಿಸಬಲ್ಲ. ಆದ್ದರಿಂದ ವೃಂದದಲ್ಲಿ ಕೂತಾಗ ಪಿಟೀಲೇ ಹೊಂದಿಕೊಳ್ಳಬೇಕಾಗುತ್ತದೆ. ಕಿವಿ ಸೂಕ್ಷ್ಮವಾಗಿರುವ ಹುಡುಗನಿಗೆ ಇದು ಅನ್ಯಾಯವೆಂದೇ ಅನಿಸುತ್ತದೆ. ಈ ಕಾರಣವನ್ನು ಅವನಿಗೆ ಬಿಡಿಸಿ ಹೇಳಿರೆಂದು ಮಾಸ್ತರರನ್ನು ನೀವು ವಿನಯದಿಂದ ಕೇಳಿಕೊಳ್ಳಿರಿ.

ನನ್ನ ಮಗಳು ಕೊಳಲು ನುಡಿಸುತ್ತಾಳೆ. ಉಸಿರಿನ ಬಿಸಿಗೆ ಕೊಳಲಿನ ಶ್ರುತಿ ಏರುತ್ತದೆಂದು ಅವಳ ಮಾಸ್ತರರು ಸ್ವಲ್ಪ ಹೊತ್ತು ನುಡಿಸಿದ ಮೇಲೆಯೇ ಶ್ರುತಿ ಕೂಡಿಸುತ್ತಿದ್ದರು, ಅದಕ್ಕೂ ಮೊದಲು ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ದ್ರುತದಲ್ಲಿ, ಅಂದರೆ ವೇಗದ ಲಯದಲ್ಲಿ, ಇವಳು ತಬಲಾಕ್ಕಿಂತ ಮುಂದೆ ಓಡುತ್ತಿದ್ದಳು. ಒಂದು ದಿನ ಅವರು ಎಲ್ಲರನ್ನೂ ನಿಲ್ಲಿಸಿ, ಕೊಳಲು ಕೆಳಗಿಡಿಸಿ, ಹಾರ್ಮೋನಿಯಂನವರ ಸಾಲನ್ನು ಬಾಯಲ್ಲಿ ಹಾಡುತ್ತ ಕೈಯಲ್ಲಿ ತೀನ್‌ತಾಲದ ಹದಿನಾರು ಮಾತ್ರೆ ಹಾಕಲು ಹೇಳಿದರು. ತಾನುಗಳನ್ನು, ಅಂದರೆ ವೇಗದ ಸ್ವರಗಳ ಸಾಲುಗಳನ್ನು, ನೀರು ಕುಡಿದಷ್ಟು ಸಲೀಸಾಗಿ ನುಡಿಸುವ ಹುಡುಗಿ, ಒಂಬತ್ತನೆಯ ಮಾತ್ರೆಯ ಖಾಲಿಗೆ (ಚಪ್ಪಾಳೆ ತಟ್ಟದೆ ಕೈ ಬೀಸುವ ಜಾಗಕ್ಕೆ) ಬರುವಷ್ಟರಲ್ಲಿ ತಾಳ ತಪ್ಪಿದಳು. ಅವರು ಬೈಯಲಿಲ್ಲ, ತಬಲಾದ ಪಕ್ಕಕ್ಕೆ ಜಾಗ ಬದಲಿಸಿದರಷ್ಟೇ. ಅಲ್ಲಿ ಕೂತು ಕೂತು, ತನ್ನದಲ್ಲದ ವಾದ್ಯವನ್ನು ಕೇಳುವುದನ್ನು ಅವಳು ಕಲಿತಳು. ಮನೆಯ ಏಕಾಂತ ರಿಯಾಜಿನಲ್ಲಿ ಅದು ಬರುತ್ತಿರಲಿಲ್ಲವೆಂದು ನಾನು ಖಂಡಿತ ನಂಬುತ್ತೇನೆ.

ಸಂಗೀತ ಶಿಕ್ಷಕಿ, ವಿದ್ಯಾಗಿರಿ, ಬಾಗಲಕೋಟೆ:
ಹಿಂದಿನ ಸಾಲು ಶಿಕ್ಷೆಯೇ ಆಗಿರಬೇಕೆಂದಿಲ್ಲ. ಗಟ್ಟಿ ಕೈಯವರೆಲ್ಲ ಮುಂದೆ ಕೂತರೆ ಹಿಂದಿನ ಮಕ್ಕಳು ಲಯ ಬಿಡುತ್ತಾರೆ, ಅದಕ್ಕಾಗಿ ನಾನೇ ಬಲ್ಲ ಮಕ್ಕಳನ್ನು ಹಿಂದೆ ಕೂರಿಸುತ್ತೇನೆ, ಆದರೆ ಏಕೆಂದು ಆ ಮಗುವಿಗೆ ಮೊದಲೇ ಹೇಳಿರುತ್ತೇನೆ. ಮಾಸ್ತರರು ಬೈಯುವುದು ಯಾವುದನ್ನು ಎಂಬುದನ್ನು ಗಮನಿಸಿರಿ. ಕಮಾನು, ಸ್ವರ, ಲಯಗಳ ಬಗ್ಗೆ ಎಷ್ಟು ಗಟ್ಟಿಯಾಗಿ ಹೇಳಿದರೂ ತಡೆದುಕೊಳ್ಳಬಹುದು. ಮಗುವಿನ ಮೈಬಣ್ಣ, ಜಾತಿ, ಮನೆತನಗಳನ್ನು ಎತ್ತಿ ಆಡಿದರೆ ಒಂದು ದಿನವೂ ಸಹಿಸಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಣಿಕಟ್ಟು ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ ಎಂದು ಮಗ ಹೇಳಿದರೆ, ಮಾಸ್ತರರು ಏನೇ ಅನ್ನಲಿ, ಅಂದೇ ವಾದ್ಯ ಕೆಳಗಿಡಿಸಿ ವೈದ್ಯರಿಗೆ ತೋರಿಸಿರಿ.

ಒಬ್ಬ ತಾಯಿ, ವಿಜಯಪುರ:
ನಾವು ಮಗನನ್ನು ಬಿಡಿಸಿದೆವು. ಅಲ್ಲಿಯ ಮಾಸ್ತರರು ಸ್ವರದ ಮಾತನ್ನು ಬಿಟ್ಟು ತಂದೆಯ ಕಸುಬಿನ ಮಾತಿಗೆ ಇಳಿದಿದ್ದರು. ಬಿಡಿಸಿದ್ದು ಸರಿಯೇ ಆಯಿತು. ಆದರೆ ಒಬ್ಬನೇ ನುಡಿಸುವುದರಲ್ಲಿ ಅವನಿಗೆ ಬೇಸರ ಹತ್ತಿ ತಬಲಾ ಮೂಲೆ ಸೇರಿತು. ನಮ್ಮ ಓಣಿಯ ಮಠದ ಭಜನಾ ಮಂಡಳಿಯವರು ಕರೆದು ಕೂರಿಸಿಕೊಂಡ ಮೇಲೆ ಮತ್ತೆ ಕೈ ಆಡತೊಡಗಿತು. ನೀವು ಬಿಡಿಸುವುದೇ ಆದರೆ, ನಾಲ್ಕು ಜನರೊಡನೆ ಕೂತು ನುಡಿಸುವ ಇನ್ನೊಂದು ಜಾಗವನ್ನು ಮೊದಲು ಗೊತ್ತುಮಾಡಿ, ಆಮೇಲೆ ಬಿಡಿಸಿರಿ.