ಸಹಾಯ ಬೇಕು: ಹಂದಿಜ್ವರದ ನಿರ್ಬಂಧ ತೆರವಾದ ಮೇಲೆ ಮರಿ ತರೋದು ಹೇಗೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟದ ಜೊತೆ ಸಣ್ಣದಾಗಿ ಹಂದಿ ಸಾಕುತ್ತಿದ್ದೆ. ಆಫ್ರಿಕನ್ ಹಂದಿಜ್ವರ ಬಂದು ಎಲ್ಲಾ ಹಂದಿಗಳನ್ನೂ ಕೊಂದು ಹೂಳಬೇಕಾಯಿತು. ಆ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಫಾರ್ಮಿನ ಸುತ್ತ 1 ಕಿ.ಮೀ. ಸೋಂಕಿತ ವಲಯ, 10 ಕಿ.ಮೀ. ನಿಗಾ ವಲಯ ಅಂತ ಮಾಡಿದ್ದರು. ಈಗ ನಿರ್ಬಂಧ ಮುಗಿಯಿತು ಅಂತ ಬಾಯಲ್ಲಿ ಹೇಳುತ್ತಾರೆ. ಕೈಗೆ ಒಂದು ಕಾಗದವೂ ಸಿಕ್ಕಿಲ್ಲ. ಲಿಖಿತ ಆದೇಶ ಇಲ್ಲದೆ ಮರಿ ತಂದು ನಾಳೆ ತೊಂದರೆ ಆದರೆ ಯಾರನ್ನು ಕೇಳೋದು? ನಿಮ್ಮಲ್ಲಿ ಯಾರಿಗಾದರೂ ಅಂಥ ಆದೇಶ ಸಿಕ್ಕಿದ್ದರೆ, ಅರ್ಜಿ ಹೇಗೆ ಬರೆದಿರಿ ಅಂತ ದಯವಿಟ್ಟು ತಿಳಿಸಿ.

ಇನ್ನೊಂದು ಭಯ ಇದೆ. ಈ ವೈರಸ್ ಸುಲಭಕ್ಕೆ ಸಾಯೋದಿಲ್ಲ. ಸಗಣಿ, ಕೊಳಕು ಉಳಿದಿದ್ದರೆ ಅದರ ಮೇಲೆ ಔಷಧಿ ಹೊಡೆದರೂ ಸುಮ್ನೆ ದಂಡ. ಮೊದಲು ತಿಕ್ಕಿ ತೊಳೆದು, ಆಮೇಲೆ ಕಾಸ್ಟಿಕ್ ಸೋಡಾ ಹೊಡೆದೆ. ಸಿಮೆಂಟ್ ನೆಲ ಸರಿ, ಆದರೆ ಅರ್ಧ ಕೊಟ್ಟಿಗೆ ಮಣ್ಣಿನ ನೆಲ. ನಮ್ಮ ಮಳೆಯಲ್ಲಿ ಅದು ಒಣಗೋದೇ ಇಲ್ಲ. ಮಣ್ಣು ಎಷ್ಟು ಆಳ ತೆಗೆದಿರಿ? ಸುಣ್ಣ ಹಾಕಿದಿರಾ?

ಮೊದಲು ನಾಲ್ಕೈದು ಮರಿ ಮಾತ್ರ ಬಿಟ್ಟು, ಆರು ವಾರ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಉಳಿದವನ್ನು ತರೋಣ ಅಂದುಕೊಂಡಿದ್ದೇನೆ. ಹಾಗೆ ಮಾಡಿದವರು ಇದ್ದೀರಾ? ಶಿವಮೊಗ್ಗ ಪಶುವೈದ್ಯಕೀಯ ಕಾಲೇಜಿನಲ್ಲಿ ಕಲಿತವರು ಗುಂಪಿನಲ್ಲಿದ್ದರೆ ನಿಮ್ಮ ಮಾತೂ ಬೇಕು.

ಕಾಡುಹಂದಿಗೂ ಈ ರೋಗ ಬರುತ್ತದೆ, ಇಲ್ಲಿ ಅವು ಜಾಸ್ತಿ. ಬೇಲಿ ಹೇಗೆ ಹಾಕಿಸಿದಿರಿ, ಎಷ್ಟು ಖರ್ಚಾಯಿತು ಅಂತಲೂ ಹೇಳಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು.